ಹೊಸ ಪೈಪ್ ಜೋಡಿಸೋದು ಕಲಿಸ್ತೇವೆ, ಹಳೇ ಗೋಡೆ ಓದೋದು?

ನಮ್ಮ ಹಾಲ್‌ನ ಸೀಲಿಂಗ್‌ನಲ್ಲಿ ಮೊದಲು ಕಾಣಿಸಿದ್ದು ಚಪಾತಿಯಷ್ಟು ಅಗಲದ ಒಂದು ಕಲೆ. ಮೇಲಿನ ಮನೆಯ ಬಾತ್‌ರೂಮು ಸರಿಯಾಗಿ ಅದರ ಮೇಲೇ ಇದೆ. ಪ್ಲಂಬರ್‌ನ ಕರೆಸಿದೆವು. ಅವರು ಮೇಲೆ ಹೋಗಿ ಒಂದು ಆಂಗಲ್ ಕಾಕ್ ಬದಲಿಸಿ, ನಲ್ಲಿಗೆ ಹೊಸ ವಾಷರ್ ಹಾಕಿ ಹೋದರು. ಕಲೆ ಹಾಗೇ ಇತ್ತು. ಗಾರೆ ಕೆಲಸದವರು ಬಂದರು, ಟೈಲ್ಸ್ ಸಂದಿಗೆಲ್ಲ ವೈಟ್ ಸಿಮೆಂಟ್ ತುಂಬಿದರು. ಆಮೇಲೆ ಪೇಂಟರ್ ಬಂದು ಸೀಲಿಂಗ್ ಕೆರೆದು, ವಾಲ್ ಪುಟ್ಟಿ ಹಾಕಿ, ಎರಡು ಕೋಟ್ ಬಣ್ಣ ಬಳಿದರು. ಎರಡು ತಿಂಗಳಿಗೆ ಕಲೆ ವಾಪಸ್ ಬಂತು. ಈಗ ಮೊರದಷ್ಟು ಅಗಲ.

ಮೂವರೂ ಮೋಸಗಾರರಲ್ಲ. ತಮಗೆ ಗೊತ್ತಿದ್ದ ಕೆಲಸವನ್ನು ನೆಟ್ಟಗೇ ಮಾಡಿದ್ದರು. ಆದರೆ ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದು ಮೂವರಲ್ಲಿ ಯಾರ ಕೆಲಸವೂ ಆಗಿರಲಿಲ್ಲ.

ಕೊನೆಗೆ ಪಕ್ಕದ ಅಪಾರ್ಟ್‌ಮೆಂಟ್‌ನಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುವ ಒಬ್ಬರು ಬಂದರು. ವಯಸ್ಸು ಐವತ್ತು ದಾಟಿದೆ, ಎಲ್ಲರೂ ಅಣ್ಣ ಅಂತಲೇ ಕರೆಯುತ್ತಾರೆ. ಅವರು ಯಾವುದಕ್ಕೂ ಕೈ ಹಾಕಲಿಲ್ಲ. ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಮೇಲಿನವರು ಊರಿಗೆ ಹೋದಾಗ ಕಲೆ ಒಣಗಿತ್ತಾ ಸರ್?"

ಹೌದು, ದಸರಾ ರಜೆಯಲ್ಲಿ ಒಣಗಿತ್ತು.

"ಹಾಗಾದ್ರೆ ನಲ್ಲಿ ಪೈಪ್ ಅಲ್ಲ ಬಿಡಿ. ನಲ್ಲಿ ಪೈಪಲ್ಲಿ ಇಪ್ಪತ್ನಾಲ್ಕು ಗಂಟೆನೂ ನೀರು ನಿಂತಿರುತ್ತೆ. ಸೋರಿದ್ರೆ ಯಾವಾಗ್ಲೂ ಸೋರುತ್ತೆ. ಇದು ಸ್ನಾನದ ನೀರು."

ಒಂದು ಬಕೆಟ್ ನೀರಿಗೆ ಬಟ್ಟೆಗೆ ಹಾಕುವ ನೀಲಿ ಕಲಸಿ, ಮೇಲಿನ ಬಾತ್‌ರೂಮಿನ ನಹಾನಿ ಟ್ರ್ಯಾಪ್, ಅಂದರೆ ನೆಲದ ನೀರು ಇಳಿದುಹೋಗುವ ಬಾಯಿಯ ಸುತ್ತ ನಿಧಾನಕ್ಕೆ ಸುರಿದರು. ಮಾರನೇ ದಿನ ನಮ್ಮ ಸೀಲಿಂಗ್‌ನ ಒಂದು ಅಂಚಿನಲ್ಲಿ ತೆಳು ನೀಲಿ ಗೆರೆ. ಟ್ರ್ಯಾಪಿನ ಕುತ್ತಿಗೆಗೂ ನೆಲಕ್ಕೂ ಇರುವ ಸಂದಿ ಬಿಟ್ಟುಕೊಂಡಿತ್ತು. ನಾಲ್ಕು ಟೈಲ್ಸ್ ಒಡೆದು, ಸಂದಿ ಬಿಗಿ ಮಾಡಿ, ವಾಟರ್‌ಪ್ರೂಫಿಂಗ್ ಬಳಿದು, ಒಂದು ಇಡೀ ದಿನ ನೀರು ಕಟ್ಟಿ ನಿಲ್ಲಿಸಿ ನೋಡಿ, ಆಮೇಲೇ ಟೈಲ್ಸ್ ಮುಚ್ಚಿದರು. ಇದನ್ನೆಲ್ಲ ಎಲ್ಲಿ ಕಲಿತಿರಿ ಅಂತ ಕೇಳಿದೆ. "ಬೈಸ್ಕೊಂಡು ಕಲ್ತೆ ಸರ್" ಅಂದರು.

ಕಟ್ಟಡಗಳ ರಿಪೇರಿ ಮತ್ತು ನಿರ್ವಹಣೆಗೆ ನಮ್ಮಲ್ಲಿರುವ ತರಬೇತಿ ಎಂಥದ್ದು ಅನ್ನುವ ಪ್ರಶ್ನೆಗೆ ಆ ಮಾತೇ ಹೆಚ್ಚುಕಮ್ಮಿ ಪೂರ್ತಿ ಉತ್ತರ. ತರಬೇತಿ ಇಲ್ಲವೇ ಇಲ್ಲ ಅಂತಲ್ಲ. ಇದೆ, ಆದರೆ ಅದು ಕಲಿಸುವುದು ಹೊಸ ಕೆಲಸವನ್ನು.

ಐಟಿಐಗಳನ್ನೇ ನೋಡಿ. ದೇಶದಲ್ಲಿ ಈ ಪದ್ಧತಿ ಶುರುವಾಗಿದ್ದು 1950ರಲ್ಲಿ. ಕಾರ್ಖಾನೆಗಳಿಗೆ ಕೈಗಳು ಬೇಕಿದ್ದ ಕಾಲ ಅದು. ಒಂದೊಂದು ಕೈಗೆ ಒಂದೊಂದು ಟ್ರೇಡ್ ಅಂತ ಹಂಚಿದರು, ಆ ಹಂಚಿಕೆ ಇವತ್ತಿಗೂ ನಡೆಯುತ್ತಿದೆ. ಎಲೆಕ್ಟ್ರಿಷಿಯನ್‌ಗೆ 2 ವರ್ಷ, ಪ್ಲಂಬರ್‌ಗೆ 1 ವರ್ಷ, ಫ್ರಿಜ್ ಮತ್ತು ಎಸಿ ಟೆಕ್ನಿಷಿಯನ್‌ಗೆ 2 ವರ್ಷ. ಲಿಫ್ಟ್ ಮೆಕ್ಯಾನಿಕ್‌ಗೂ ಬೇರೆ ಟ್ರೇಡ್ ಇದೆ. ಫ್ಯಾಕ್ಟರಿಯಲ್ಲಿ ಈ ಹಂಚಿಕೆ ಸರಿಹೋಗುತ್ತದೆ, ಯಾಕೆಂದರೆ ಅಲ್ಲಿ ಕೆಲಸವೇ ಭಾಗ ಭಾಗವಾಗಿದೆ. ಮನೆಯ ಗೋಡೆ ಹಾಗಿಲ್ಲ. ಅರ್ಧ ಅಡಿ ಗೋಡೆಯೊಳಗೆ ನೀರಿನ ಪೈಪು, ವೈರಿನ ಪೈಪು, ಇಟ್ಟಿಗೆ, ಗಾರೆ ಎಲ್ಲ ಒಟ್ಟಿಗೆ ಕೂತಿರುತ್ತವೆ. ಪೈಪ್ ಜಿನುಗಿದರೆ ಸ್ವಿಚ್‌ಬೋರ್ಡ್ ಶಾಕ್ ಹೊಡೆಯುತ್ತದೆ. ಆಗ ಎಲೆಕ್ಟ್ರಿಷಿಯನ್ ಬರುತ್ತಾರೆ, ಬೋರ್ಡ್ ಬದಲಿಸುತ್ತಾರೆ, ಪೈಪ್ ಜಿನುಗುತ್ತಲೇ ಇರುತ್ತದೆ.

ವರ್ಕ್‌ಶಾಪ್‌ನಲ್ಲಿ ಹುಡುಗರು ಅಭ್ಯಾಸ ಮಾಡುವುದು ಮರದ ಹಲಗೆಯ ಮೇಲೆ. ಹೊಸ ವೈರು, ಹೊಸ ಸ್ವಿಚ್ಚು, ಬಣ್ಣ ನೋಡಿ ಜೋಡಿಸಿದರೆ ಬಲ್ಬ್ ಹತ್ತುತ್ತದೆ. ಇಪ್ಪತ್ತೈದು ವರ್ಷದ ಹಳೇ ಮನೆಯಲ್ಲಿ ಬೋರ್ಡ್ ಬಿಚ್ಚಿದರೆ ಮೂರು ಕಾಲದ ವೈರುಗಳು ಸಿಗುತ್ತವೆ. ಎಲ್ಲದರ ಬಣ್ಣವೂ ಕೆಂಪು. ಅರ್ತಿಂಗ್ ಎಲ್ಲೋ ಕಡಿದುಹೋಗಿರುತ್ತದೆ. ಈ ಗೋಜಲಿನ ಮುಂದೆ ಕೂತು, ಏನೂ ಕತ್ತರಿಸದೆ, ಮೊದಲು ಯೋಚಿಸುವುದನ್ನು ಕಲಿಸುವ ಹಲಗೆ ಎಲ್ಲೂ ಇಲ್ಲ. ಪರೀಕ್ಷೆಯಲ್ಲೂ ಜೋಡಿಸಿದ್ದಕ್ಕೆ ಸಿಗುವಷ್ಟೇ ತೂಕ ಏನು ಕೆಟ್ಟಿದೆ ಅಂತ ಪತ್ತೆ ಮಾಡಿದ್ದಕ್ಕೂ ಸಿಗಬೇಕು.

ದುಡ್ಡಿಲ್ಲ ಅಂತ ಹೇಳುವ ಹಾಗಿಲ್ಲ. ಕರ್ನಾಟಕ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿತು. ಕೇಂದ್ರ 2025ರಲ್ಲಿ 60,000 ಕೋಟಿ ರೂಪಾಯಿಯ ಪಿಎಂ-ಸೇತು ಯೋಜನೆ ತಂದಿದೆ, 1,000 ಐಟಿಐಗಳು ಗುರಿ. ಇವುಗಳ ಸುದ್ದಿ ಬಂದಾಗಲೆಲ್ಲ ಫೋಟೊದಲ್ಲಿ ಇರುವುದು ರೋಬೋಟ್ ಕೈ, ಸಿಎನ್‌ಸಿ ಮಷಿನ್, ಎಲೆಕ್ಟ್ರಿಕ್ ವಾಹನ. ಬೇಡ ಅನ್ನುತ್ತಿಲ್ಲ. ಆದರೆ ಬೆಂಗಳೂರಲ್ಲಿ ಒಂದು ಬೀದಿಯಲ್ಲಿ ನಿಂತು ಎಣಿಸಿ: ರೋಬೋಟ್ ಎಷ್ಟಿವೆ, ಸೋರುವ ಬಾತ್‌ರೂಮ್ ಎಷ್ಟಿವೆ?

ಕಾನೂನು ಕೂಡ ಇದೇ ಕಣ್ಣಿಂದ ನೋಡುತ್ತದೆ. ವಿದ್ಯುತ್ ಕೆಲಸಕ್ಕೆ ನಮ್ಮಲ್ಲಿ ಒಂದು ಒಳ್ಳೆಯ ಏರ್ಪಾಡಿದೆ. ವಿದ್ಯುತ್ ಪರಿವೀಕ್ಷಣಾಲಯದಿಂದ ವೈರ್‌ಮನ್ ಪರ್ಮಿಟ್, ಸೂಪರ್‌ವೈಸರ್ ಪರ್ಮಿಟ್, ಗುತ್ತಿಗೆದಾರರಿಗೆ ಲೈಸೆನ್ಸ್ ಅಂತ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ಪರ್ಮಿಟ್ ಇಲ್ಲದವರು ವೈರಿಂಗ್ ಮಾಡುವ ಹಾಗಿಲ್ಲ. ಆದರೆ ಅದೇ ನಿಯಮದಲ್ಲಿ ಒಂದು ವಿನಾಯಿತಿ ಇದೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಕೆಲಸಕ್ಕೆ ಇದು ಅನ್ವಯಿಸುವುದಿಲ್ಲ. ವಿನಾಯಿತಿ ನ್ಯಾಯವೇ, ಒಂದು ಬಲ್ಬ್ ಹಾಕಲು ಯಾರು ಲೈಸೆನ್ಸ್ ಕೇಳುತ್ತಾರೆ? ಆದರೆ ರಿಪೇರಿ ಅಂತ ನಾವು ದಿನವೂ ಮಾಡಿಸುವುದರಲ್ಲಿ ಮುಕ್ಕಾಲು ಪಾಲು ಈ ಬಾಗಿಲಿನಿಂದಲೇ ಒಳಗೆ ಬರುತ್ತದೆ. ನೀರಿನ ಕಡೆಯೂ ಅಷ್ಟೇ. ಜಲಮಂಡಳಿಯ ಹೊಸ ಕನೆಕ್ಷನ್ ಬೇಕಾದರೆ ಲೈಸೆನ್ಸ್ ಇರುವ ಪ್ಲಂಬರ್ ಬೇಕು. ಆ ಕನೆಕ್ಷನ್ ಹತ್ತು ವರ್ಷದ ಮೇಲೆ ಕೆಟ್ಟರೆ ಸ್ಪ್ಯಾನರ್ ಹಿಡಿದವರೆಲ್ಲ ಪ್ಲಂಬರ್. ವಾಟರ್‌ಪ್ರೂಫಿಂಗ್‌ಗಂತೂ ಪರ್ಮಿಟ್ಟೂ ಇಲ್ಲ, ಕೇಳುವವರೂ ಇಲ್ಲ.

ಲಿಫ್ಟ್ ಒಂದು ಸ್ವಲ್ಪ ಬೇರೆ. 2012ರಲ್ಲಿ ಕರ್ನಾಟಕ ಲಿಫ್ಟ್‌ಗಳಿಗೇ ಒಂದು ಕಾಯ್ದೆ ಮಾಡಿತು. ಹಾಕಲೂ ನಡೆಸಲೂ ಪರವಾನಗಿ ಬೇಕು, ತಪಾಸಣೆ ಇದೆ. ಲಿಫ್ಟ್ ರಿಪೇರಿಯವರಿಗೆ ಕಂಪನಿಗಳೇ ತರಬೇತಿ ಕೊಡುತ್ತವೆ, ಯೂನಿಫಾರಂ ಇದೆ, ಸಂಬಳ ಮೇಲೇರುವ ದಾರಿ ಇದೆ. ಕಾನೂನು ಹಿಂದೆ ನಿಂತ ಕಡೆ ಕೆಲಸಕ್ಕೆ ಬೆಲೆ ಬಂದಿದೆ.

ಇನ್ನು ಎಲ್ಲಕ್ಕಿಂತ ಭಯ ಹುಟ್ಟಿಸುವ ಜಾಗ ಅಪಾರ್ಟ್‌ಮೆಂಟ್‌ಗಳ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕ. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟ್‌ಗಳ ಬೇಸ್‌ಮೆಂಟ್‌ನಲ್ಲೆಲ್ಲ ಒಂದೊಂದು ಇರುತ್ತದೆ. ಗಾಳಿ ಊದುವ ಬ್ಲೋವರ್, ಪಂಪು, ಕೆಸರಿನ ಟ್ಯಾಂಕು, ಫಿಲ್ಟರು. ಒಂದು ಪುಟ್ಟ ಕಾರ್ಖಾನೆ ಅನ್ನಿ. ಅದನ್ನು ನಡೆಸುವವರು ಎಷ್ಟೋ ಕಡೆ ಕೆಲವೇ ವಾರ ಹಿಂದೆ ಕೆಲಸಕ್ಕೆ ಸೇರಿದ ಹುಡುಗರು. 2018ರ ಜನವರಿಯಲ್ಲಿ ಬೆಂಗಳೂರಿನ ಸೋಮಸಂದ್ರಪಾಳ್ಯದ ಒಂದು ಅಪಾರ್ಟ್‌ಮೆಂಟ್‌ನ ಇಂಥ ಟ್ಯಾಂಕ್‌ನಲ್ಲಿ ಮೂವರು ಸತ್ತರು. ಮನುಷ್ಯರನ್ನು ಹೀಗೆ ಟ್ಯಾಂಕ್‌ಗೆ ಇಳಿಸುವುದನ್ನು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಆಗಲೇ ನಿಷೇಧಿಸಿತ್ತು.

ಇಲ್ಲಿ ತರಬೇತಿ ಅಂದರೆ ಏನು ಅಂತ ಸ್ವಲ್ಪ ಹತ್ತಿರದಿಂದ ನೋಡಬೇಕು. ಕೊಳೆತ ಕೆಸರಿನಿಂದ ಹೈಡ್ರೋಜನ್ ಸಲ್ಫೈಡ್ ಅನ್ನುವ ಅನಿಲ ಬರುತ್ತದೆ. ಕೊಳೆತ ಮೊಟ್ಟೆ ವಾಸನೆ. ಗಾಳಿಗಿಂತ ಭಾರ, ಹಾಗಾಗಿ ಟ್ಯಾಂಕಿನ ತಳದಲ್ಲಿ ಕೂತಿರುತ್ತದೆ. ಪ್ರಮಾಣ ಜಾಸ್ತಿಯಾದಾಗ ಮೂಗು ಮರಗಟ್ಟಿ ವಾಸನೆಯೇ ಬರುವುದಿಲ್ಲ. "ವಾಸನೆ ಹೋಯ್ತು, ಈಗ ಇಳೀಬಹುದು" ಅಂತ ಅನಿಸುವ ಗಳಿಗೆಯೇ ಸಾಯುವ ಗಳಿಗೆ. ಒಬ್ಬ ಬಿದ್ದ ಅಂತ ಇನ್ನೊಬ್ಬ ಇಳಿಯುತ್ತಾನೆ, ಅವನನ್ನು ಎತ್ತಲು ಮತ್ತೊಬ್ಬ. ಒಂದೇ ಟ್ಯಾಂಕಿನಲ್ಲಿ ಎರಡು ಮೂರು ಹೆಣ ಸಿಗುವುದು ಇದಕ್ಕೇ. ಧೈರ್ಯ ಇದ್ದವನೇ ಮೊದಲು ಸಾಯುವ ಕೆಲಸ ಇದು. ಬಿದ್ದವನನ್ನು ಕಂಡರೂ ಇಳಿಯಬಾರದು, ಮೊದಲು ಫೋನ್ ಮಾಡಬೇಕು, ಅನ್ನುವುದು ತಾನಾಗಿ ಬರುವ ಬುದ್ಧಿಯಲ್ಲ. ಮತ್ತೆ ಮತ್ತೆ ಮಾಡಿಸಿ ಕಲಿಸಬೇಕು. ಪಾಠ ಅರ್ಧ ದಿನದ್ದು. ಅದಕ್ಕೆ ಬೇಕಾದ ಗ್ಯಾಸ್ ಡಿಟೆಕ್ಟರ್‌ನ ಬೆಲೆ, ಅಪಾರ್ಟ್‌ಮೆಂಟ್‌ನವರು ಗಣೇಶ ಹಬ್ಬದ ಆರ್ಕೆಸ್ಟ್ರಾಕ್ಕೆ ಕೊಡುವುದಕ್ಕಿಂತ ಹೆಚ್ಚೇನೂ ಇರಲಾರದು.

ಹಾಗಾದರೆ ನಗರದಲ್ಲಿ ಈ ಕೆಲಸಗಳನ್ನೆಲ್ಲ ಕಲಿತು ಮಾಡುತ್ತಿರುವವರು ಯಾರು? ಬಹಳ ಜನ ಹೆಲ್ಪರ್ ಆಗಿ ಬಂದು, ಯಾರದೋ ಹಿಂದೆ ಉಪಕರಣದ ಚೀಲ ಹೊತ್ತು, ನೋಡಿ ನೋಡಿ ಕಲಿತವರು. ಪ್ಲಂಬಿಂಗ್‌ನಲ್ಲಿ ಒಡಿಶಾದ ಕೇಂದ್ರಪಾಡಾ ಜಿಲ್ಲೆಯವರ ಹೆಸರು ದೇಶಕ್ಕೆಲ್ಲ ಗೊತ್ತು. ಬ್ರಿಟಿಷರ ಕಾಲದಲ್ಲಿ ಕಲ್ಕತ್ತೆಗೆ ಹೋಗಿ ಪೈಪಿನ ಕೆಲಸ ಹಿಡಿದ ಕೆಲವರಿಂದ ಶುರುವಾಗಿ, ಅಣ್ಣ ತಮ್ಮನಿಗೆ, ಮಾವ ಅಳಿಯನಿಗೆ ಹೇಳಿಕೊಡುತ್ತಾ ಹರಡಿದ ವಿದ್ಯೆ ಅದು. ಅಲ್ಲಿನ ಪಟ್ಟಾಮುಂಡೈನಲ್ಲಿ ಈಗ ಪ್ಲಂಬಿಂಗ್‌ಗೆಂದೇ ಒಂದು ಸರ್ಕಾರಿ ಸಂಸ್ಥೆ ಇದೆ. ಊರಿನ ಕಸುಬನ್ನು ನೋಡಿ, ಅದರ ಪಕ್ಕದಲ್ಲೇ ಶಾಲೆ ಕಟ್ಟಿದರು. ನನಗೆ ಇದು ಬಹಳ ಹಿಡಿಸಿತು. ನಮ್ಮಲ್ಲಿ ಶಾಲೆ ಮೊದಲು ಬರುತ್ತದೆ, ಆಮೇಲೆ ಕಸುಬನ್ನು ಹುಡುಕಿಕೊಂಡು ಹೋಗುತ್ತೇವೆ.

ಹಳೇ ಕಟ್ಟಡಗಳದು ಇನ್ನೊಂದು ಕತೆ. ಮೈಸೂರಿನಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಅದೂ ದುರಸ್ತಿ ಕೆಲಸ ನಡೆಯುತ್ತಿದ್ದಾಗಲೇ. ಉಳಿಸಬೇಕೋ ಕೆಡವಬೇಕೋ ಅನ್ನುವ ಜಗಳ ಕೋರ್ಟ್‌ವರೆಗೂ ಹೋಯಿತು. ಆ ಜಗಳದಲ್ಲಿ ನಾನು ಯಾರ ಕಡೆಯೂ ಇಲ್ಲ, ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಉಳಿಸುತ್ತೇವೆ ಅಂದರೂ ಉಳಿಸುವ ಕೈಗಳು ಎಲ್ಲಿವೆ? ಹಳೇ ಗೋಡೆಗಳದು ಸುಣ್ಣದ ಗಾರೆ. ಅದು ನೀರು ಹೀರಿ ಮತ್ತೆ ಬಿಡುತ್ತದೆ, ಒಂಥರಾ ಉಸಿರಾಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಂಡು ಗೋಡೆ ಒಳಗಿಂದ ಪುಡಿಯಾಗುತ್ತದೆ. ಮರದ ತೊಲೆಗಳ ಮೇಲೆ ಇಟ್ಟಿಗೆ ಮತ್ತು ಸುಣ್ಣದ ಗಾರೆ ಹಾಕಿ ಕಟ್ಟಿದ ಮದ್ರಾಸ್ ತಾರಸಿಯ ಮನೆಗಳನ್ನು ರಿಪೇರಿ ಅಂತ ಹಾಳು ಮಾಡಿದ್ದು ಬಹಳ ಸಲ ಹೀಗೆಯೇ. ಸುಣ್ಣ ಅರಳಿಸಿ, ಕೊಳೆಹಾಕಿ, ಗಾರೆ ಅರೆಯುವುದು ಗೊತ್ತಿದ್ದ ಮೇಸ್ತ್ರಿಗಳಿಗೆ ಈಗ ವಯಸ್ಸಾಗಿದೆ.

ಸಿಮೆಂಟ್ ಕಟ್ಟಡಗಳೂ ಈಗ ಹಳೇವಾಗುತ್ತಿವೆ. ಬಾಲ್ಕನಿಯ ಅಡಿಯಲ್ಲಿ ಗಾರೆ ಉದುರಿ ಕಂಬಿ ಕಾಣಿಸುವುದನ್ನು ನೋಡಿರುತ್ತೀರಿ, ಕರಾವಳಿಯಲ್ಲಂತೂ ಇದು ಸಾಮಾನ್ಯ. ತುಕ್ಕು ಹಿಡಿದ ಕಬ್ಬಿಣ ಊದಿಕೊಂಡು ಕಾಂಕ್ರೀಟನ್ನು ಒಳಗಿಂದ ಒದೆಯುತ್ತದೆ. ಸಡಿಲ ಕಾಂಕ್ರೀಟ್ ಎಲ್ಲ ತೆಗೆದು, ಕಂಬಿಯ ತುಕ್ಕು ಉಜ್ಜಿ, ಅದಕ್ಕೆ ಲೇಪ ಕೊಟ್ಟು, ಆಮೇಲೆ ಸರಿಯಾದ ಗಾರೆ ತುಂಬಬೇಕು. ನಮ್ಮಲ್ಲಿ ಆಗುವುದು ಏನು? ಮೇಲೊಂದು ಸಿಮೆಂಟ್ ಮೆತ್ತು, ಬಣ್ಣ ಬಳಿ, ದುಡ್ಡು ಎಣಿಸು. ಎರಡು ಮಳೆಗಾಲಕ್ಕೆ ಅದು ಯಾರದೋ ಕಾರಿನ ಮೇಲೆ ಬೀಳುತ್ತದೆ.

ಕೆಲಸ ಬೇಕಾದಷ್ಟಿದೆ, ಮಾಡುವವರಿಗೆ ಬೆಲೆ ಯಾಕಿಲ್ಲ? ಒಂದು ಕಾರಣ, ಸರ್ಕಾರದ ಪಟ್ಟಿಗಳಲ್ಲಿ ಇವರು ಯಾವ ಖಾನೆಗೂ ಸರಿಯಾಗಿ ಕೂರುವುದಿಲ್ಲ. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಗಾರೆಯವರು, ಬಡಗಿ, ಬೀಗ ಮಾಡುವವರು ಇದ್ದಾರೆ. ತರಬೇತಿಗೆ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿ ಸಿಗುತ್ತದೆ. ಪ್ಲಂಬರ್ ಇಲ್ಲ, ಎಲೆಕ್ಟ್ರಿಷಿಯನ್ ಇಲ್ಲ. ಅವು ಪರಂಪರೆಯ ಕಸುಬಲ್ಲವಂತೆ. ಇನ್ನೊಂದು ಕಡೆ, ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಲ್ಲಿ ಕಟ್ಟಡ ಕೆಲಸ ಅಂದರೆ ಕಟ್ಟುವುದಷ್ಟೇ ಅಲ್ಲ, ರಿಪೇರಿ ಮತ್ತು ನಿರ್ವಹಣೆಯೂ ಸೇರಿದೆ ಅಂತ ಸ್ಪಷ್ಟವಾಗಿ ಬರೆದಿತ್ತು (2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದವು). ವರ್ಷದಲ್ಲಿ 90 ದಿನ ಕೆಲಸ ಮಾಡಿದ 18ರಿಂದ 60 ವರ್ಷದೊಳಗಿನವರು ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು ಅನ್ನುವುದು ಅದರ ಏರ್ಪಾಡಾಗಿತ್ತು. ನಮ್ಮ ಅಣ್ಣನಿಗೆ ಇದು ಗೊತ್ತೇ ಇರಲಿಲ್ಲ. "ಅದು ಬಿಲ್ಡಿಂಗ್ ಕಟ್ಟೋರಿಗೆ ಅಲ್ವಾ?" ಅಂದರು. ಆ್ಯಪ್ ಮೂಲಕ ಮನೆಮನೆಗೆ ಹೋಗಿ ರಿಪೇರಿ ಮಾಡುವವರಿಗೆ 2025ರ ಕರ್ನಾಟಕ ಗಿಗ್ ಕಾರ್ಮಿಕರ ಕಾಯ್ದೆ ಸ್ವಲ್ಪ ನೆರಳು ಕೊಟ್ಟಿದೆ. ಆ್ಯಪ್ ಇಲ್ಲದವರು ಬಿಸಿಲಲ್ಲೇ ಇದ್ದಾರೆ.

ಕೈಯಲ್ಲಿ ಕಸುಬಿದ್ದು ಕಾಗದ ಇಲ್ಲದವರಿಗೆ ಆರ್‌ಪಿಎಲ್ ಅಂತ ಒಂದು ದಾರಿ ಇದೆ. ಈಗಾಗಲೇ ಗೊತ್ತಿರುವ ಕೆಲಸವನ್ನು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವುದು. ಕಲ್ಪನೆ ಚೆನ್ನಾಗಿದೆ. ಆದರೆ ಆ ಕಾಗದ ತೋರಿಸಿದರೆ ಯಾರೂ ನೂರು ರೂಪಾಯಿ ಜಾಸ್ತಿ ಕೊಡುವುದಿಲ್ಲ. ಮನೆಯವರು ಕೇಳುವುದಿಲ್ಲ, ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಕೇಳುವುದಿಲ್ಲ. ಕೇಳದ ಕಾಗದಕ್ಕೆ ಒಂದು ದಿನದ ಕೂಲಿ ಬಿಟ್ಟು ಯಾರು ಹೋಗುತ್ತಾರೆ?

ನನ್ನ ಲೆಕ್ಕದಲ್ಲಿ ಬೇಕಿರುವುದು ಇನ್ನೊಂದು ಹೊಸ ಟ್ರೇಡ್ ಅಲ್ಲ. ಈಗಿರುವ ಎಲೆಕ್ಟ್ರಿಷಿಯನ್, ಪ್ಲಂಬರ್ ಕೋರ್ಸ್ ಮುಗಿಸಿದವರಿಗೆ, ಹಾಗೇ ಐದಾರು ವರ್ಷ ಕೆಲಸ ಮಾಡಿದವರಿಗೂ, ಆರು ತಿಂಗಳ ಒಂದು ಮುಂದಿನ ಮೆಟ್ಟಿಲು. ಅದನ್ನು ವರ್ಕ್‌ಶಾಪ್‌ನಲ್ಲಿ ನಡೆಸಬಾರದು. ಒಂದು ಹಳೇ ಸರ್ಕಾರಿ ಕ್ವಾರ್ಟರ್ಸ್ ಬ್ಲಾಕನ್ನು ಕೊಟ್ಟುಬಿಡಬೇಕು. ನಮ್ಮಲ್ಲಿ ಸೋರುವ ಕ್ವಾರ್ಟರ್ಸ್‌ಗೆ ಬರ ಇಲ್ಲವಲ್ಲ! ಮೊದಲ ತಿಂಗಳು ಯಾರೂ ಸುತ್ತಿಗೆ ಮುಟ್ಟಬಾರದು. ನೋಡಬೇಕು, ಕೇಳಬೇಕು, ಬರೆದುಕೊಳ್ಳಬೇಕು. ರಾತ್ರಿ ಎಲ್ಲ ನಲ್ಲಿ ಮುಚ್ಚಿ ಮೀಟರ್ ನೋಡಿ, ಬೆಳಿಗ್ಗೆ ಮತ್ತೆ ನೋಡಿದರೆ ಎಷ್ಟು ನೀರು ಕದ್ದು ಹೋಗುತ್ತಿದೆ ಅಂತ ಗೊತ್ತಾಗುತ್ತದೆ. ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಆರ್‌ಸಿಸಿಬಿ ಸ್ವಿಚ್ ಮತ್ತೆ ಮತ್ತೆ ಟ್ರಿಪ್ ಆಗುತ್ತಿದ್ದರೆ ಒಂದೊಂದೇ ಸರ್ಕ್ಯೂಟ್ ಬಿಡಿಸಿ ಯಾವುದು ಅಂತ ಹಿಡಿಯಬೇಕು. ಇಲ್ಲೂ ಆಗುವುದು ಅದೇ: ಬೇಸತ್ತ ಎಲೆಕ್ಟ್ರಿಷಿಯನ್ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿ ಹೋಗುತ್ತಾರೆ. ಶಾಕ್‌ನಿಂದ ಜೀವ ಉಳಿಸಲು ಇಟ್ಟದ್ದು ಅದು, ಮನೆಯವರಿಗೂ ಗೊತ್ತಾಗುವುದಿಲ್ಲ.

ಅಪ್ರೆಂಟಿಸ್ ಪದ್ಧತಿಯನ್ನೂ ಇಲ್ಲಿಗೆ ತರಬಹುದು. 1961ರ ಕಾಯ್ದೆ ಇದೆ, ಸ್ಟೈಪೆಂಡ್‌ನ ಕಾಲುಭಾಗವನ್ನು ತಿಂಗಳಿಗೆ 1,500 ರೂಪಾಯಿವರೆಗೆ ಸರ್ಕಾರ ಭರಿಸುವ ಯೋಜನೆಯೂ ಇದೆ. ಇದನ್ನು ಬಳಸುವುದು ಹೆಚ್ಚಾಗಿ ಫ್ಯಾಕ್ಟರಿಗಳು. ಮುನ್ನೂರು ಮನೆಯ ಅಪಾರ್ಟ್‌ಮೆಂಟ್‌ನಲ್ಲಿ ಪಂಪು, ಜನರೇಟರು, ಲಿಫ್ಟು, ಎಸ್‌ಟಿಪಿ, ಸೋಲಾರು ಎಲ್ಲ ಒಂದೇ ಕಾಂಪೌಂಡಿನಲ್ಲಿವೆ. ಅದಕ್ಕಿಂತ ಒಳ್ಳೆಯ ಪಾಠಶಾಲೆ ಯಾವುದಿದೆ? ಅದನ್ನು ನಿರ್ವಹಿಸುವ ಗುತ್ತಿಗೆ ಕಂಪನಿಗಳು ಇಬ್ಬಿಬ್ಬರು ಅಪ್ರೆಂಟಿಸ್‌ಗಳನ್ನು ಇಟ್ಟುಕೊಳ್ಳಲಿ ಅಂತ ಅಸೋಸಿಯೇಷನ್‌ಗಳು ಟೆಂಡರ್‌ನಲ್ಲೇ ಬರೆಯಬಹುದು. ಈಗ ಆ ಟೆಂಡರ್‌ಗಳಲ್ಲಿ ಇರುವುದು ತಲೆ ಲೆಕ್ಕ: ಇಷ್ಟು ಎಲೆಕ್ಟ್ರಿಷಿಯನ್, ಇಷ್ಟು ಪ್ಲಂಬರ್, ತಲೆಗೆ ಇಷ್ಟು ಸಂಬಳ. ಯಾರಿಗೆ ಏನು ಗೊತ್ತು ಅನ್ನುವ ಕಾಲಮ್ಮೇ ಇಲ್ಲ. ಕಡಿಮೆ ರೇಟ್ ಹಾಕಿದವರಿಗೆ ಕೆಲಸ, ಆರು ತಿಂಗಳಿಗೆ ಹುಡುಗರು ಬದಲು. ಕಟ್ಟಡದ ಒಳಗಿನ ಪೈಪ್ ಎಲ್ಲೆಲ್ಲಿ ಓಡಿದೆ ಅನ್ನುವುದು ಗೊತ್ತಾಗುವ ಹೊತ್ತಿಗೆ ಆ ಹುಡುಗ ಇನ್ನೊಂದು ಕಡೆ ಇರುತ್ತಾನೆ.

ಈ ವಿಷಯ ತಲೆಯಲ್ಲಿ ಓಡುತ್ತಿದ್ದಾಗಲೇ ನಮ್ಮ ಮನೆಗೆ ಹಾಲು ಹಾಕುವವರ ಮಗ ಎಸ್ಸೆಸ್ಸೆಲ್ಸಿ ಪಾಸಾದ. ಏನು ಓದಿಸಲಿ ಅಂತ ಕೇಳಿದರು. ಹುಡುಗನಿಗೆ ಬಿಚ್ಚಿ ನೋಡುವ ಚಟ ಇದೆಯಂತೆ, ಮನೆಯ ಮಿಕ್ಸಿ ಎರಡು ಸಲ ಬಿಚ್ಚಿದ್ದಾನೆ, ಒಂದು ಸಲ ವಾಪಸ್ ಜೋಡಿಸಿದ್ದಾನೆ. ಎಲೆಕ್ಟ್ರಿಷಿಯನ್ ಟ್ರೇಡ್‌ಗೆ ಹಾಕಿ ಅಂದೆ. ಎರಡು ವರ್ಷ ಹಿಡಿದರೂ ಪರ್ಮಿಟ್ ಸಿಗುವ ದಾರಿ ಅದಕ್ಕೆ ಸರಿಯಾಗಿದೆ. ಆಮೇಲೆ ಒಂದು ವರ್ಷ ಅಪ್ರೆಂಟಿಸ್, ಸಾಧ್ಯವಾದರೆ ದೊಡ್ಡ ಆಸ್ಪತ್ರೆಯ ಮೆಂಟೆನೆನ್ಸ್ ವಿಭಾಗದಲ್ಲಿ. ಅಲ್ಲಿ ಕರೆಂಟ್ ಹೋದರೆ ಜೀವ ಹೋಗುತ್ತದೆ, ಹಾಗಾಗಿ ಕೆಲಸ ಕಲಿಸಿಯೇ ಕಲಿಸುತ್ತಾರೆ. ಪೈಪಿನ ಕೆಲಸಕ್ಕೆ ಕಾಗದ ಆಮೇಲೆ ಮಾಡಿಸಿಕೊಳ್ಳಬಹುದು, ಈಗ ಸುಮ್ನೆ ಭಾನುವಾರಗಳಲ್ಲಿ ಅಣ್ಣನ ಹಿಂದೆ ಹೋಗಲಿ ಅಂದೆ.

ಅಣ್ಣನಿಗೂ ಕೇಳಿದೆ. ಕಳಿಸಿ ಸರ್, ಆದ್ರೆ ಮೊದಲ ಎರಡು ತಿಂಗಳು ಸ್ಪ್ಯಾನರ್ ಕೊಡಲ್ಲ, ಟಾರ್ಚ್ ಹಿಡ್ಕೊಂಡು ನಿಂತಿರಬೇಕು ಅಷ್ಟೇ, ಅಂದರು.